ನೆಲದೊಳಗಿನ ಸಂಪತ್ತು, ಹೊರಗಿನಿಂದ ಬರುವ ನೆರವು

ಅಮೆರಿಕದ ಅಂತರರಾಷ್ಟ್ರೀಯ ನೆರವು ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ರಂದು ಬಾಗಿಲು ಮುಚ್ಚಿದ ಕುರಿತು ಈ ಅಂಕಣದಲ್ಲಿ ಹಿಂದೆ ಬರೆದಿದ್ದೆವು. ಅದನ್ನು ಓದಿ ಉತ್ತರ ಕನ್ನಡದ ಹಲವು ಓದುಗರು ಪತ್ರ ಬರೆದಿದ್ದಾರೆ. ಅವುಗಳಲ್ಲಿ ಖನಿಜ, ತೈಲ, ಕಾಡು ಮುಂತಾದ ನೈಸರ್ಗಿಕ ಸಂಪತ್ತಿಗೂ ವಿದೇಶಿ ನೆರವಿಗೂ ಇರುವ ನಂಟನ್ನು ಕೇಳಿದವುಗಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಬೈತಖೋಲದಲ್ಲಿ ಹಡಗಿಗೆ ಅದಿರು ತುಂಬುವುದನ್ನು ವರ್ಷಗಟ್ಟಲೆ ಕಂಡವನು ನಾನು. ಅದಿರು, ಎಣ್ಣೆ ಇರುವ ಬಡ ದೇಶಗಳಿಗೆ ಶ್ರೀಮಂತ ದೇಶಗಳು ಮುಗಿಬಿದ್ದು ನೆರವು ಕೊಡುತ್ತವೆ ಎಂದು ಕೆಲವರು ಬರೆಯುತ್ತಾರೆ. ಸಂಪತ್ತಿರುವವರಿಗೆ ನೆರವೇಕೆ ಎಂದು ಕೈಬಿಡುತ್ತವೆ ಎಂದು ಇನ್ನು ಕೆಲವರು ಬರೆಯುತ್ತಾರೆ. ಯಾವುದನ್ನು ನಂಬಬೇಕು?
– ಬಂದರು ಇಲಾಖೆಯ ನಿವೃತ್ತ ನೌಕರರು, ಕಾರವಾರ

ಉತ್ತರ: ಎರಡನ್ನೂ ನಂಬಬಹುದು, ಏಕೆಂದರೆ ಅವರಿಬ್ಬರೂ ಹೇಳುತ್ತಿರುವುದು ಒಂದೇ ಹಣದ ಬಗ್ಗೆಯಲ್ಲ. ಮರಳಿಸಬೇಕಿಲ್ಲದ ಅನುದಾನ ಒಂದು ಬಗೆ, ಕಡಿಮೆ ಬಡ್ಡಿಯ ಸಾಲ ಇನ್ನೊಂದು ಬಗೆ, ಮಾರುಕಟ್ಟೆಯ ದರಕ್ಕೆ ಹತ್ತಿರವಾದ ಬಡ್ಡಿಗೆ ಸರ್ಕಾರಿ ಬ್ಯಾಂಕುಗಳು ಕೊಡುವ ಸಾಲ ಮೂರನೆಯದು. ಪತ್ರಿಕೆಗಳು ಮೂರನ್ನೂ ನೆರವು ಎಂದೇ ಬರೆಯುತ್ತವೆ. ನೈಸರ್ಗಿಕ ಸಂಪತ್ತು ಸಾಮಾನ್ಯವಾಗಿ ಮೊದಲನೆಯದನ್ನು ತಗ್ಗಿಸುತ್ತದೆ ಮತ್ತು ಮೂರನೆಯದನ್ನು ಹಿಗ್ಗಿಸುತ್ತದೆ.

ಅನುದಾನ ತಗ್ಗುವುದಕ್ಕೆ ಕಾರಣ ಲೆಕ್ಕಾಚಾರದ ಪದ್ಧತಿಯಲ್ಲಿಯೇ ಇದೆ. ಶ್ರೀಮಂತ ರಾಷ್ಟ್ರಗಳ ಒಕ್ಕೂಟವಾದ ಒಇಸಿಡಿಯ ಅಭಿವೃದ್ಧಿ ನೆರವು ಸಮಿತಿ, ನೆರವಿಗೆ ಅರ್ಹವಾದ ದೇಶಗಳ ಪಟ್ಟಿಯನ್ನು ತಲಾ ಆದಾಯದ ಮೇಲೆ ಸಿದ್ಧಪಡಿಸುತ್ತದೆ. ಸತತ ಮೂರು ವರ್ಷ ವಿಶ್ವಬ್ಯಾಂಕಿನ ಹೆಚ್ಚಿನ ಆದಾಯದ ಗೆರೆ ದಾಟಿದ ದೇಶವನ್ನು ಪಟ್ಟಿಯಿಂದ ತೆಗೆಯುತ್ತಾರೆ. ತೈಲ ಮತ್ತು ಅನಿಲದ ಬಲದಿಂದ ಒಮಾನ್ ಹಾಗೂ ಟ್ರಿನಿಡಾಡ್ ಮತ್ತು ಟೊಬಾಗೊ 2011ರಲ್ಲಿ ಹೀಗೆ ಹೊರಬಂದವು. ಈ ಸರಾಸರಿಯೊಳಗೆ ಯಾರ ಪಾಲು ಎಷ್ಟು ಎಂಬುದು ಕಾಣುವುದಿಲ್ಲ ಎಂಬುದೇ ಈ ಪದ್ಧತಿಯ ದೊಡ್ಡ ದೋಷ. ಆಫ್ರಿಕದ ಪುಟ್ಟ ದೇಶ ಈಕ್ವಟೋರಿಯಲ್ ಗಿನಿಯಲ್ಲಿ 1990ರ ದಶಕದ ನಡುವೆ ಸಮುದ್ರದಡಿ ತೈಲ ಸಿಕ್ಕಿತು. 2007ರಲ್ಲಿ ವಿಶ್ವಬ್ಯಾಂಕ್ ಅದನ್ನು ಹೆಚ್ಚಿನ ಆದಾಯದ ದೇಶವೆಂದು ವರ್ಗೀಕರಿಸಿತು, ಆದರೆ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿ ಅದು 2017ರವರೆಗೂ ಉಳಿದಿತ್ತು. ಹತ್ತು ವರ್ಷ ಒಂದು ಪಟ್ಟಿಯಲ್ಲಿ ಸಿರಿವಂತ, ಇನ್ನೊಂದರಲ್ಲಿ ಕಡುಬಡವ. ಇದೇ ದೇಶದಲ್ಲಿದ್ದ ತನ್ನ ರಾಯಭಾರ ಕಚೇರಿಯನ್ನು ಅಮೆರಿಕ 1995ರಲ್ಲಿ ಮುಚ್ಚಿತ್ತು. ಅಮೆರಿಕನ್ ಕಂಪನಿಗಳು ಅಲ್ಲಿ ತೈಲ ತೆಗೆಯತೊಡಗಿದ ಮೇಲೆ, 2003ರಲ್ಲಿ ಮತ್ತೆ ತೆರೆಯಿತು.

ಸಾಲ ಹಿಗ್ಗುವುದಕ್ಕೆ ಅಂಗೋಲಾದ ಉದಾಹರಣೆ ಪ್ರಸಿದ್ಧವಾಗಿದೆ. ಇಪ್ಪತ್ತೇಳು ವರ್ಷಗಳ ಅಂತರ್ಯುದ್ಧ 2002ರಲ್ಲಿ ಮುಗಿದಾಗ ಆ ದೇಶ ಪುನರ್ನಿರ್ಮಾಣಕ್ಕಾಗಿ ದಾನಿ ರಾಷ್ಟ್ರಗಳ ಸಮ್ಮೇಳನ ನಡೆಸಬೇಕೆಂದಿತು. ಮೊದಲು ಅಂತರರಾಷ್ಟ್ರೀಯ ಹಣಕಾಸು ನಿಧಿಯೊಂದಿಗೆ ಒಪ್ಪಂದ ಮಾಡಿಕೊಳ್ಳಿ, ತೈಲದ ಹಣದ ಲೆಕ್ಕವನ್ನು ಬಹಿರಂಗಪಡಿಸಿ ಎಂಬ ಷರತ್ತು ಎದುರಾಯಿತು. 2004ರಲ್ಲಿ ಚೀನಾದ ಸರ್ಕಾರಿ ಬ್ಯಾಂಕಾದ ಎಕ್ಸಿಮ್ ಬ್ಯಾಂಕ್ 200 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತು. ಮರುಪಾವತಿಯ ಆಧಾರ ಕಚ್ಚಾ ತೈಲ, ಕಾಮಗಾರಿಯ ಬಹುಪಾಲು ಚೀನೀ ಕಂಪನಿಗಳದ್ದು. ಶಿರಸಿ ಸೀಮೆಯ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ವಖಾರಿಯಿಂದ ಮುಂಗಡ ತಂದವನು ಕೊಯ್ಲಾದ ಅಡಿಕೆಯನ್ನು ಅಲ್ಲಿಗೇ ಹಾಕಬೇಕಾಗುತ್ತದೆ, ದರ ಬಿದ್ದ ವರ್ಷ ಅದೇ ಮುಂಗಡ ತೀರಿಸಲು ಹೆಚ್ಚು ಚೀಲ ಹೋಗುತ್ತದೆ. 2014ರಲ್ಲಿ ತೈಲದ ಬೆಲೆ ಕುಸಿದಾಗ ಅಂಗೋಲಾಕ್ಕೆ ಆದದ್ದೂ ಅದೇ: ಅದೇ ಕಂತಿಗೆ ಮೊದಲಿಗಿಂತ ಹೆಚ್ಚು ಪೀಪಾಯಿ ತೈಲವನ್ನು ಕಳಿಸಬೇಕಾಯಿತು.

ಇನ್ನು ನೈಜೀರಿಯ. ದೊಡ್ಡ ತೈಲ ದೇಶವಾಗಿದ್ದೂ 2005ರ ವೇಳೆಗೆ ಅದು ಪ್ಯಾರಿಸ್ ಕ್ಲಬ್ ಎಂಬ ಸಾಲಿಗ ರಾಷ್ಟ್ರಗಳ ಕೂಟಕ್ಕೆ ಸುಮಾರು 3,000 ಕೋಟಿ ಡಾಲರ್ ಬಾಕಿ ಉಳಿಸಿಕೊಂಡಿತ್ತು. ತೈಲ ಇರುವಾಗ ಮನ್ನಾ ಏಕೆ ಎಂದು ವರ್ಷಗಟ್ಟಲೆ ವಾದ ನಡೆದು, ಕೊನೆಗೆ ಸುಮಾರು 1,800 ಕೋಟಿ ಮನ್ನಾ ಆಯಿತು. ಉಳಿದ 1,200 ಕೋಟಿಯನ್ನು ತೈಲದ ಬೆಲೆ ಏರಿದ್ದ ಆ ಹೊತ್ತಿನ ಆದಾಯದಿಂದಲೇ ನೈಜೀರಿಯ ಕಟ್ಟಿತು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ನೆರವಿನ ಹಂಚಿಕೆಯನ್ನು ಸಂಪತ್ತೊಂದೇ ನಿರ್ಧರಿಸುವುದಿಲ್ಲ. ಆಲ್ಬರ್ಟೊ ಅಲೆಸಿನಾ ಮತ್ತು ಡೇವಿಡ್ ಡಾಲರ್ ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಡೆಯುವ ದೇಶದ ಬಡತನದಷ್ಟೇ, ಕೆಲವೆಡೆ ಅದಕ್ಕಿಂತ ಹೆಚ್ಚಾಗಿ, ಹಳೆಯ ವಸಾಹತು ಸಂಬಂಧ ಮತ್ತು ವಿಶ್ವಸಂಸ್ಥೆಯಲ್ಲಿ ಯಾರ ಪರ ಮತ ಹಾಕುತ್ತದೆ ಎಂಬುದು ನೆರವನ್ನು ನಿರ್ಧರಿಸುತ್ತದೆ ಎಂದು ತೋರಿಸಿದ್ದರು. ಖನಿಜದ ಮಾತು ಈ ಹಳೆಯ ಕಾರಣಗಳ ಜೊತೆಗೆ ಸೇರಿಕೊಳ್ಳುತ್ತದೆ, ಕೆಲವೊಮ್ಮೆ ತೀರಾ ಬಹಿರಂಗವಾಗಿ. 2025ರ ಏಪ್ರಿಲ್ 30ರಂದು ಅಮೆರಿಕ ಮತ್ತು ಉಕ್ರೇನ್ ಸಹಿ ಮಾಡಿದ ಒಪ್ಪಂದದಲ್ಲಿ ಖನಿಜಗಳ ಹೊಸ ಪರವಾನಗಿಗಳ ಆದಾಯದ ಒಂದು ಭಾಗ ಜಂಟಿ ಪುನರ್ನಿರ್ಮಾಣ ನಿಧಿಗೆ ಹೋಗುತ್ತದೆ. ಮುಂದೆ ಅಮೆರಿಕ ಕೊಡುವ ಸೇನಾ ನೆರವನ್ನು ಆ ನಿಧಿಗೆ ಅದು ಹಾಕಿದ ಬಂಡವಾಳವೆಂದು ಎಣಿಸಲು ಅವಕಾಶವಿದೆ. ನೆರವಿಗೂ ಬಂಡವಾಳಕ್ಕೂ ನಡುವಿನ ಗೆರೆಯನ್ನು ಇಷ್ಟು ಸ್ಪಷ್ಟವಾಗಿ ಅಳಿಸಿದ ಕಾಗದ ಬೇರೆ ಹೆಚ್ಚಿಲ್ಲ.

ಪ್ರಶ್ನೆ: ಚೀನಾದ ನೆರವೆಲ್ಲ ಆಫ್ರಿಕದ ಖನಿಜಕ್ಕಾಗಿಯೇ ಎಂದು ತರಗತಿಯಲ್ಲಿ ಚರ್ಚೆಯಾಯಿತು. ಇದು ಪೂರ್ತಿ ಸರಿಯೇ?
– ಪದವಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಪೂರ್ತಿ ಸರಿಯಲ್ಲ. ಆಕ್ಸೆಲ್ ಡ್ರೆಹರ್, ಆಂಡ್ರಿಯಾಸ್ ಫುಕ್ಸ್ ಮುಂತಾದ ಸಂಶೋಧಕರು ಚೀನಾದ ಯೋಜನೆಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ನೋಡಿದಾಗ, ಅನುದಾನ ಮತ್ತು ರಿಯಾಯಿತಿ ಸಾಲದ ಹಂಚಿಕೆಯಲ್ಲಿ ಖನಿಜ ಸಂಪತ್ತಿಗೆ ವಿಶೇಷ ಪ್ರಾಧಾನ್ಯ ಕಾಣಲಿಲ್ಲ. ಅಲ್ಲಿ ಎದ್ದು ಕಂಡದ್ದು ರಾಜತಾಂತ್ರಿಕ ಕಾರಣ, ಮುಖ್ಯವಾಗಿ ತೈವಾನನ್ನು ಮಾನ್ಯ ಮಾಡದೆ ಬೀಜಿಂಗ್ ಸರ್ಕಾರವನ್ನು ಮಾನ್ಯ ಮಾಡಿದ್ದಾರೆಯೇ ಎಂಬ ಪ್ರಶ್ನೆ. ವ್ಯಾಪಾರದ ಆಸಕ್ತಿ ಕಾಣುವುದು ಹೆಚ್ಚು ಬಡ್ಡಿಯ ಸಾಲಗಳಲ್ಲಿ. ಕಾರವಾರದ ಓದುಗರಿಗೆ ಹೇಳಿದ ವಿಂಗಡಣೆಯೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಇನ್ನೊಂದು ವಿಷಯವನ್ನು ತಮ್ಮ ತರಗತಿಯ ಗಮನಕ್ಕೆ ತರಬೇಕು. ಸಂಪನ್ಮೂಲವನ್ನು ಆಧಾರವಾಗಿಟ್ಟು ಸಾಲ ಕೊಡುವ ಪದ್ಧತಿ ಚೀನಾದ ಆವಿಷ್ಕಾರವಲ್ಲ. ಚೀನಾ ಅದನ್ನು ಕಲಿತದ್ದು ಸಾಲ ಪಡೆಯುವ ಕಡೆ ಕುಳಿತು. 1978ರ ದೀರ್ಘಾವಧಿ ವ್ಯಾಪಾರ ಒಪ್ಪಂದದ ಪ್ರಕಾರ ಚೀನಾ ಜಪಾನಿಗೆ ತೈಲ ಮತ್ತು ಕಲ್ಲಿದ್ದಲನ್ನು ಕಳಿಸಬೇಕಿತ್ತು, ಜಪಾನ್ ಯಂತ್ರೋಪಕರಣ ಮತ್ತು ತಂತ್ರಜ್ಞಾನ ಒದಗಿಸಬೇಕಿತ್ತು. ಮರುವರ್ಷ ಜಪಾನಿನ ಯೆನ್ ಸಾಲಗಳು ಆರಂಭವಾದವು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1958ರಲ್ಲಿ, ಜಪಾನಿನ ಮೊಟ್ಟಮೊದಲ ಯೆನ್ ಸಾಲ ಪಡೆದ ದೇಶ ಭಾರತ. ಆ ವರ್ಷಗಳಲ್ಲಿಯೇ ಕಿರಿಬುರು ಮತ್ತು ಬೈಲಾಡಿಲಾ ಗಣಿಗಳ ಕಬ್ಬಿಣದ ಅದಿರನ್ನು ಜಪಾನಿನ ಉಕ್ಕಿನ ಕಾರ್ಖಾನೆಗಳಿಗೆ ಕೊಡುವ ಒಪ್ಪಂದಗಳೂ ಆದವು.

ಷರತ್ತಿಲ್ಲದ ಸಾಲ ಎಂಬ ಮಾತನ್ನೂ ಪರೀಕ್ಷಿಸಿಯೇ ಒಪ್ಪಬೇಕು. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ತಾಮ್ರ ಮತ್ತು ಕೋಬಾಲ್ಟ್ ಆಧಾರದ ಮೇಲೆ 2008ರಲ್ಲಿ ಚೀನೀ ಕಂಪನಿಗಳೊಂದಿಗೆ 900 ಕೋಟಿ ಡಾಲರ್ ಗಾತ್ರದ ಒಪ್ಪಂದವಾಗಿತ್ತು. ಅದು ದೇಶದ ಸಾಲದ ಹೊರೆಯನ್ನು ಹೆಚ್ಚಿಸುತ್ತದೆ ಎಂದು ಹಣಕಾಸು ನಿಧಿ ಆಕ್ಷೇಪಿಸಿದ್ದರಿಂದ 2009ರಲ್ಲಿ 600 ಕೋಟಿಗೆ ಇಳಿಸಲಾಯಿತು. ರಸ್ತೆ, ಆಸ್ಪತ್ರೆಗಳಿಗೆ ಬರಬೇಕಾದ ಹಣ ಬರಲಿಲ್ಲವೆಂದು ಕಾಂಗೋ ದೂರುತ್ತಲೇ ಇದ್ದು, 2024ರಲ್ಲಿ ಒಪ್ಪಂದವನ್ನು ಪರಿಷ್ಕರಿಸಿ ಮೂಲಸೌಕರ್ಯದ ಪಾಲನ್ನು 700 ಕೋಟಿ ಡಾಲರಿಗೆ ಏರಿಸಿಕೊಂಡಿತು.

ಪ್ರಶ್ನೆ: ನಮ್ಮೂರಿನ ಅನೇಕ ಮನೆಗಳು ಕೊಲ್ಲಿ ದೇಶಗಳ ದುಡಿಮೆಯಿಂದ ನಡೆಯುತ್ತಿವೆ. ಆ ದೇಶಗಳು ತೈಲದ ಹಣದಿಂದ ಬೇರೆಯವರಿಗೆ ನೆರವು ಕೊಡುತ್ತವೆಯೇ? ನಮ್ಮ ಜಿಲ್ಲೆಗೇನಾದರೂ ಬಂದದ್ದುಂಟೇ?
– ಬಟ್ಟೆ ವ್ಯಾಪಾರಿ, ಭಟ್ಕಳ

ಉತ್ತರ: ಬಂದದ್ದುಂಟು, ಮತ್ತು ಅದು ಬೆಳಕಾಗಿ ಬಂದಿದೆ. ಕುವೈತ್ ಸ್ವತಂತ್ರವಾದ 1961ರಲ್ಲಿಯೇ ಅರಬ್ ಆರ್ಥಿಕ ಅಭಿವೃದ್ಧಿಗಾಗಿ ಒಂದು ನಿಧಿಯನ್ನು ಸ್ಥಾಪಿಸಿತು. ಆರಂಭದಲ್ಲಿ ಅರಬ್ ದೇಶಗಳಿಗೆ ಮಾತ್ರ ಸಾಲ ಕೊಡುತ್ತಿದ್ದ ಆ ನಿಧಿ, 1973ರ ತೈಲ ಬೆಲೆಯೇರಿಕೆಯ ನಂತರ ಇತರ ದೇಶಗಳಿಗೂ ಕೈಚಾಚಿತು. ಆ ದಶಕದಲ್ಲಿ ಭಾರತದಲ್ಲಿ ಅದು ಸಾಲ ನೀಡಿದ ಯೋಜನೆಗಳಲ್ಲಿ ನಮ್ಮ ಕಾಳಿ ಜಲವಿದ್ಯುತ್ ಯೋಜನೆಯೂ ಒಂದು. ನಾಗಝರಿಯ ವಿದ್ಯುದಾಗಾರದ ಹಿಂದೆ ಕೊಲ್ಲಿಯ ತೈಲದ ಹಣದ ಪಾಲಿದೆ ಎಂಬುದು ಜಿಲ್ಲೆಯಲ್ಲಿ ಹೆಚ್ಚು ಜನರಿಗೆ ತಿಳಿದಂತಿಲ್ಲ. ಅದೇ ಯೋಜನೆಯ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ, ಗದ್ದೆ ಕಳೆದುಕೊಂಡು ರಾಮನಗರಕ್ಕೆ ಬಂದವರ ಮಾತು ಬೇರೆಯದು. ಸಾಲ ಕೊಟ್ಟವರ ಕಡತದಲ್ಲಿ ಅಂಥ ಮಾತುಗಳಿಗೆ ಆಗಿನ ಕಾಲದಲ್ಲಿ ಜಾಗ ಕಡಿಮೆ ಇತ್ತು.

ಬೆಲೆಯೇರಿಕೆಯಿಂದ ತೈಲ ಆಮದು ಮಾಡುವ ದೇಶಗಳಿಗೆ ಬಿದ್ದ ಪೆಟ್ಟಿನ ಎದುರು ಇಂಥ ಸಾಲಗಳು ಸಣ್ಣವು ಎಂಬುದನ್ನು ಮರೆಯುವಂತಿಲ್ಲ. ಒಂದು ಕೈಯಿಂದ ಹೆಚ್ಚಿಗೆ ಪಡೆದುದರಲ್ಲಿ ಒಂದಂಶವನ್ನು ಇನ್ನೊಂದು ಕೈಯಿಂದ ಸಾಲವಾಗಿ ಕೊಟ್ಟರು.

ಇರಾನಿನ ಕಥೆ ಇನ್ನೂ ನೇರವಾದದ್ದು. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಕಬ್ಬಿಣದ ಅದಿರಿಗಾಗಿ ಇರಾನಿನ ಷಾ ಸರ್ಕಾರ 1975ರಲ್ಲಿ 63 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿ, ಪ್ರತಿಯಾಗಿ ದೀರ್ಘಕಾಲ 15 ಕೋಟಿ ಟನ್ ಅದಿರಿನ ಸಾರವನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 1976ರಲ್ಲಿ ಕುದುರೆಮುಖ ಕಂಪನಿ ಹುಟ್ಟಿತು, ಪಣಂಬೂರಿನವರೆಗೆ ಕೊಳವೆ ಹಾಕಲಾಯಿತು. ಸುಮಾರು 25.5 ಕೋಟಿ ಡಾಲರ್ ಬಂದ ಮೇಲೆ ಇರಾನಿನಲ್ಲಿ ಕ್ರಾಂತಿಯ ಬಿರುಗಾಳಿ ಎದ್ದಿತು. ಉಳಿದ ಹಣವೂ ಬರಲಿಲ್ಲ, ಅದಿರು ಕೊಳ್ಳುವವರೂ ಬರಲಿಲ್ಲ. ಭಾರತ ಸರ್ಕಾರ ಸ್ವಂತ ಹಣದಿಂದ ಯೋಜನೆ ಮುಗಿಸಿ ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. ಒಬ್ಬನೇ ಸಾಲಿಗ, ಅವನೇ ಗಿರಾಕಿ ಆದಾಗ ಅವನ ಮನೆಯ ಗಲಾಟೆ ನಮ್ಮ ಬೆಟ್ಟದವರೆಗೂ ಕೇಳುತ್ತದೆ.

ಪ್ರಶ್ನೆ: ಸಮುದ್ರದಡಿಯ ಸಂಪತ್ತಿನ ಮೇಲೆ ನೆರವು ಕೊಡುವ ದೇಶವೇ ಹಕ್ಕು ಹೇಳಿದರೆ?
– ಮೀನುಗಾರರ ಸಹಕಾರಿ ಸಂಘದ ಸದಸ್ಯರು, ಕುಮಟಾ

ಉತ್ತರ: ಪೂರ್ವ ಟಿಮೋರ್‌ನಲ್ಲಿ ಹಾಗೆಯೇ ಆಗಿದೆ. 2002ರಲ್ಲಿ ಸ್ವತಂತ್ರವಾದ ಆ ದೇಶಕ್ಕೆ ಅತ್ಯಂತ ದೊಡ್ಡ ದಾನಿ ಆಸ್ಟ್ರೇಲಿಯ, ಸಮುದ್ರ ಗಡಿಯ ತೈಲ ಮತ್ತು ಅನಿಲದ ಚೌಕಾಸಿಯಲ್ಲಿ ಎದುರಾಳಿಯೂ ಆಸ್ಟ್ರೇಲಿಯವೇ. 2004ರಲ್ಲಿ ನೆರವಿನ ಯೋಜನೆಯಡಿ ಸರ್ಕಾರಿ ಕಟ್ಟಡದ ದುರಸ್ತಿ ನಡೆಯುತ್ತಿದ್ದಾಗ ಮಂತ್ರಿಮಂಡಲದ ಕೋಣೆಯಲ್ಲಿ ಗುಪ್ತವಾಗಿ ಮಾತು ಕೇಳುವ ಉಪಕರಣ ಅಳವಡಿಸಲಾಗಿತ್ತು ಎಂಬ ಆರೋಪದ ಮೇಲೆ ಟಿಮೋರ್ 2013ರಲ್ಲಿ ಅಂತರರಾಷ್ಟ್ರೀಯ ಪಂಚಾಯಿತಿಗೆ ಹೋಯಿತು. 2018ರ ಮಾರ್ಚಿನಲ್ಲಿ ಹೊಸ ಒಪ್ಪಂದವಾಗಿ, ಗ್ರೇಟರ್ ಸನ್‌ರೈಸ್ ನಿಕ್ಷೇಪದ ಆದಾಯದಲ್ಲಿ ಕೊಳವೆ ಯಾವ ಕಡೆ ಹೋಗುತ್ತದೆ ಎಂಬುದರ ಮೇಲೆ ಶೇ 70 ಅಥವಾ 80ರಷ್ಟು ಟಿಮೋರಿಗೆ ಎಂದು ತೀರ್ಮಾನವಾಯಿತು. ವರ್ಷಗಳ ನೆರವಿನ ಮೊತ್ತಕ್ಕಿಂತ ಈ ಗಡಿರೇಖೆಯೇ ಆ ದೇಶಕ್ಕೆ ದೊಡ್ಡದು ಎಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ: ಕಾಡೂ ಸಂಪತ್ತೇ ಅಲ್ಲವೇ? ಕಡಿಯದೆ ಉಳಿಸಿಕೊಂಡದ್ದಕ್ಕೆ ಹೊರದೇಶದವರು ಹಣ ಕೊಡುತ್ತಾರೆಯೇ?
– ಗ್ರಾಮ ಅರಣ್ಯ ಸಮಿತಿಯ ಮಾಜಿ ಅಧ್ಯಕ್ಷರು, ಯಲ್ಲಾಪುರ

ಉತ್ತರ: ತಾವು ಅಧ್ಯಕ್ಷರಾಗಿದ್ದಂಥ ಸಮಿತಿಗಳ ಹಿನ್ನೆಲೆಯಲ್ಲಿಯೇ ಉತ್ತರದ ಒಂದು ಭಾಗವಿದೆ. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಸಾಗರೋತ್ತರ ಅಭಿವೃದ್ಧಿ ಆಡಳಿತದ ಹಣದಿಂದ ಪಶ್ಚಿಮ ಘಟ್ಟ ಅರಣ್ಯ ಮತ್ತು ಪರಿಸರ ಯೋಜನೆ ಆರಂಭವಾದದ್ದು ಉತ್ತರ ಕನ್ನಡದಲ್ಲಿಯೇ, ಮತ್ತು ಊರವರೂ ಅರಣ್ಯ ಇಲಾಖೆಯೂ ಸೇರಿ ಕಾಡು ನೋಡಿಕೊಳ್ಳುವ ಜಂಟಿ ಅರಣ್ಯ ಯೋಜನೆಯ ಗ್ರಾಮ ಅರಣ್ಯ ಸಮಿತಿಗಳು ಜಿಲ್ಲೆಯಲ್ಲಿ ಬೆಳೆದದ್ದು ಅದರಡಿಯಲ್ಲಿ. ಕಾಡು ಇದ್ದುದರಿಂದ ನೆರವು ಬಂತು ಎಂಬುದು ಇಲ್ಲಿ ಅಕ್ಷರಶಃ ನಿಜ. ಆದರೆ ಯಾವ ಗಿಡ ನೆಡಬೇಕು, ಅಕೇಶಿಯಾವೋ ಹಣ್ಣಿನ ಮರವೋ, ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟದ ಹಕ್ಕಿರುವ ತೋಟಿಗರ ಮಾತು ನಡೆಯಬೇಕೋ ಸೌದೆ ತರುವ ಹೆಂಗಸರ ಮಾತೋ ಎಂಬ ವಾದಗಳನ್ನು ಲಂಡನ್ನಿನ ಹಣ ಬಗೆಹರಿಸಲಿಲ್ಲ. ಯೋಜನೆಯ ಅವಧಿ ಮುಗಿದ ಮೇಲೆ ಎಷ್ಟೋ ಸಮಿತಿಗಳು ಕಡತದಲ್ಲಿ ಮಾತ್ರ ಉಳಿದವೆಂಬುದನ್ನು ತಾವೇ ಬಲ್ಲಿರಿ. ಬ್ರಿಟನ್ ಭಾರತಕ್ಕೆ ಕೊಡುತ್ತಿದ್ದ ಸಾಂಪ್ರದಾಯಿಕ ಅನುದಾನವನ್ನು 2015ರಲ್ಲಿ ನಿಲ್ಲಿಸಿತು.

ಕಡಿಯದೆ ಇದ್ದದ್ದಕ್ಕೆ ಹಣ ಎಂಬ ವಿಚಾರವನ್ನು ಅತಿ ಧೈರ್ಯದಿಂದ ಮುಂದಿಟ್ಟ ದೇಶ ಈಕ್ವಡಾರ್. ಯಾಸುನಿ ಎಂಬ ಅಮೆಜಾನ್ ಅರಣ್ಯದಡಿ ಇರುವ ತೈಲವನ್ನು ತೆಗೆಯುವುದಿಲ್ಲ, ಅದರಿಂದ ಬರಬಹುದಾದ ಆದಾಯದ ಅರ್ಧದಷ್ಟನ್ನು, ಅಂದರೆ ಸುಮಾರು 360 ಕೋಟಿ ಡಾಲರನ್ನು, ಜಗತ್ತು ಕೊಡಲಿ ಎಂದು 2007ರಲ್ಲಿ ಅದು ಕೇಳಿತು. ಕೈಗೆ ಬಂದದ್ದು ಸುಮಾರು 1.3 ಕೋಟಿ ಡಾಲರ್. 2013ರಲ್ಲಿ ಅಧ್ಯಕ್ಷ ರಫಾಯೆಲ್ ಕೊರೆಯಾ ಯೋಜನೆಯನ್ನು ಕೈಬಿಟ್ಟರು, ಬಳಿಕ ತೈಲ ತೆಗೆಯಲಾಯಿತು. 2023ರ ಆಗಸ್ಟಿನಲ್ಲಿ ಈಕ್ವಡಾರಿನ ಮತದಾರರೇ ಜನಮತಗಣನೆಯಲ್ಲಿ ಅಲ್ಲಿಯ ತೈಲಗಾರಿಕೆಯನ್ನು ನಿಲ್ಲಿಸಲು ತೀರ್ಪಿತ್ತರು. ಜಗತ್ತಿನ ದಾನಿಗಳಿಂದ ಬಾರದ ತೀರ್ಮಾನ ಆ ದೇಶದ ಮತಪೆಟ್ಟಿಗೆಯಿಂದ ಬಂತು.

ನಾರ್ವೆಯ ಅನುಭವ ಸ್ವಲ್ಪ ಉತ್ತಮ. ಬ್ರೆಜಿಲಿನ ಅಮೆಜಾನ್ ನಿಧಿಗೆ 2008ರಲ್ಲಿ ಅದು 100 ಕೋಟಿ ಡಾಲರ್‌ವರೆಗೆ ಕೊಡುವುದಾಗಿ ಹೇಳಿತು, ಅರಣ್ಯನಾಶ ಕಡಿಮೆಯಾದಂತೆ ಹಣ ಬಿಡುಗಡೆ ಎಂಬ ಕರಾರು. 2019ರಲ್ಲಿ ಬ್ರೆಜಿಲಿನ ಅಧ್ಯಕ್ಷ ಬೋಲ್ಸೊನಾರೊ ಆಡಳಿತದ ಕಾಲಕ್ಕೆ ನಿಧಿ ಸ್ಥಗಿತಗೊಂಡು, 2023ರಲ್ಲಿ ಮತ್ತೆ ಚಾಲನೆ ಪಡೆಯಿತು. ಸಮುದ್ರದಡಿಯ ತೈಲದಿಂದ ಶ್ರೀಮಂತವಾದ ದೇಶವೊಂದು ಇನ್ನೊಂದು ದೇಶದ ಕಾಡಿಗೆ ಹಣ ಕೊಡುವುದರಲ್ಲಿ ಸ್ವಲ್ಪ ವ್ಯಂಗ್ಯ ಇದ್ದೇ ಇದೆ. ಹಾಗೆಂದು ಆ ಹಣ ಬೇಡವೆನ್ನಲು ಕಾರಣವಿಲ್ಲ.

ಪ್ರಶ್ನೆ: ಬೇಲೆಕೇರಿಯಲ್ಲಿ ಜಪ್ತಿಯಾದ ಅದಿರೇ ಮಾಯವಾದದ್ದನ್ನು ಕಂಡ ಊರಿನವರು ನಾವು. ನೆರವು ಕೊಡುವವರು ಷರತ್ತು ಹಾಕಿದರೆ ಖನಿಜದ ಹಣ ಜನರಿಗೆ ತಲುಪುತ್ತದೆಯೇ?
– ಪ್ರೌಢಶಾಲಾ ಶಿಕ್ಷಕರು, ಅಂಕೋಲಾ

ಉತ್ತರ: ಷರತ್ತಿಗೆ ಬಲವಿರುವುದು ಹಣದ ಅಗತ್ಯ ಇರುವವರೆಗೆ ಮಾತ್ರ ಎಂಬುದನ್ನು ಚಾಡ್ ದೇಶ ತೋರಿಸಿಕೊಟ್ಟಿದೆ. ಅಲ್ಲಿಂದ ಕ್ಯಾಮರೂನಿನ ಕರಾವಳಿಗೆ 1,070 ಕಿಲೋಮೀಟರ್ ಕೊಳವೆ ಹಾಕಲು ವಿಶ್ವಬ್ಯಾಂಕ್ 2000ದಲ್ಲಿ ಬೆಂಬಲ ನೀಡಿತು. ಅದಕ್ಕೆ ಮೊದಲೇ, 1999ರಲ್ಲಿ, ತೈಲದ ಆದಾಯದ ಬಹುಪಾಲನ್ನು ಶಿಕ್ಷಣ, ಆರೋಗ್ಯ, ಗ್ರಾಮೀಣಾಭಿವೃದ್ಧಿಗೆ ಮೀಸಲಿಡುವ, ಹತ್ತನೇ ಒಂದು ಪಾಲನ್ನು ಮುಂದಿನ ಪೀಳಿಗೆಗೆ ಕೂಡಿಡುವ ಕಾಯ್ದೆ ಆಗಿತ್ತು. 2003ರಲ್ಲಿ ತೈಲ ಹರಿಯಿತು. 2006ರ ಜನವರಿಯ ಹೊತ್ತಿಗೆ ಚಾಡ್ ಕಾಯ್ದೆ ತಿದ್ದಿ, ಪೀಳಿಗೆಯ ನಿಧಿಯನ್ನು ರದ್ದು ಮಾಡಿ, ಭದ್ರತಾ ವೆಚ್ಚವನ್ನೂ ಆದ್ಯತೆಯ ಪಟ್ಟಿಗೆ ಸೇರಿಸಿತು. ವಿಶ್ವಬ್ಯಾಂಕ್ ಸಾಲ ತಡೆಹಿಡಿದು, ಸಂಧಾನ ಮಾಡಿಕೊಂಡಿತು. ತೈಲದ ಬೆಲೆ ಏರುತ್ತಿದ್ದಾಗ ಚಾಡ್ 2008ರಲ್ಲಿ ಬ್ಯಾಂಕಿನ ಸಾಲವನ್ನು ಅವಧಿಗೆ ಮುನ್ನವೇ ತೀರಿಸಿ ಕೈತೊಳೆದುಕೊಂಡಿತು.

ಬೋಟ್ಸ್ವಾನಾದಲ್ಲಿ ಹೊರಗಿನವರ ಷರತ್ತು ಅಷ್ಟಾಗಿ ಬೇಕಾಗಲಿಲ್ಲ. 1966ರಲ್ಲಿ ಸ್ವಾತಂತ್ರ್ಯ ಬಂದಾಗ ಆಡಳಿತದ ದೈನಂದಿನ ವೆಚ್ಚಕ್ಕೂ ಬ್ರಿಟನ್ನಿನ ಅನುದಾನ ಬೇಕಿತ್ತು. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು, 1970ರ ದಶಕದ ಆರಂಭದಲ್ಲಿಯೇ ಆ ಅನುದಾನ ಬೇಡವಾಯಿತು. ಆದರೂ ಸ್ವೀಡನ್, ನಾರ್ವೆಯಂಥ ದೇಶಗಳು ನೆರವು ಮುಂದುವರಿಸಿದವು, ಏಕೆಂದರೆ ಕೊಟ್ಟ ಹಣದ ಲೆಕ್ಕ ಅಲ್ಲಿ ಸಿಗುತ್ತಿತ್ತು. ಸರ್ಕಾರವು ವಜ್ರದ ಕಂಪನಿಯಲ್ಲಿ ಅರ್ಧ ಪಾಲು ಪಡೆದು, ಆ ಹಣ ಯೋಜನೆಯ ಆಯವ್ಯಯಕ್ಕೆ ಬರುವಂತೆ ನೋಡಿಕೊಂಡಿತು. ಅಂದರೆ ಆಡಳಿತ ಸರಿ ಇದ್ದಲ್ಲಿ ಷರತ್ತು ಹೆಚ್ಚಿನ ಕೆಲಸ ಮಾಡಬೇಕಿಲ್ಲ, ಸರಿ ಇಲ್ಲದಲ್ಲಿ ಅದು ಹೆಚ್ಚು ಕಾಲ ನಿಲ್ಲುವುದಿಲ್ಲ. ಬೇಲೆಕೇರಿಯ ವಿಷಯ ಲೋಕಾಯುಕ್ತ ವರದಿಯವರೆಗೆ ಬಂದದ್ದೂ ಹೊರಗಿನ ದಾನಿಗಳಿಂದಲ್ಲ.

ಪ್ರಶ್ನೆ: ಭಾರತವೂ ಈಗ ನೆರವು ಕೊಡುವ ದೇಶ. ನಾವೂ ಇದನ್ನೇ ಮಾಡುತ್ತಿದ್ದೇವೆಯೇ?
– ಅಡಿಕೆ ಬೆಳೆಗಾರರು, ಸಿದ್ದಾಪುರ

ಉತ್ತರ: ಮಾಡುತ್ತಿದ್ದೇವೆ, ಸಂಕೋಚಪಡದೆ ಹೇಳಬೇಕಾದ ಮಾತು ಇದು. 2004ರಲ್ಲಿ ಪಶ್ಚಿಮ ಆಫ್ರಿಕದ ಎಂಟು ದೇಶಗಳಿಗೆ 50 ಕೋಟಿ ಡಾಲರ್ ಸಾಲ ಸೌಲಭ್ಯ ಪ್ರಕಟಿಸಿದಾಗ ಆ ಭಾಗದ ತೈಲ ನಮ್ಮ ಲೆಕ್ಕದಲ್ಲಿತ್ತು. ಸುಡಾನಿನ ತೈಲ ನಿಕ್ಷೇಪದಲ್ಲಿ 2003ರಲ್ಲಿ ಶೇ 25ರ ಪಾಲು ಪಡೆದ ನಮ್ಮ ಸಾರ್ವಜನಿಕ ಕಂಪನಿ ಒಎನ್‌ಜಿಸಿ ವಿದೇಶ್, ಖಾರ್ಟೂಮಿನಿಂದ ಪೋರ್ಟ್ ಸುಡಾನಿಗೆ 741 ಕಿಲೋಮೀಟರ್ ಕೊಳವೆಯನ್ನೂ ಹಾಕಿಸಿತು.

ಆದರೆ ನಮ್ಮ ನೆರವಿನ ಅತಿ ದೊಡ್ಡ ಪಾಲು ಹೋಗುವುದು ಭೂತಾನಿಗೆ, ಮತ್ತು ಅಲ್ಲಿಯ ಸಂಪತ್ತು ನದಿ. 1980ರ ದಶಕದಲ್ಲಿ ಮುಗಿದ 336 ಮೆಗಾವಾಟಿನ ಚುಖಾ ಯೋಜನೆಗೆ ಭಾರತ ಶೇ 60ರಷ್ಟನ್ನು ಅನುದಾನವಾಗಿಯೂ ಶೇ 40ರಷ್ಟನ್ನು ಸಾಲವಾಗಿಯೂ ಕೊಟ್ಟಿತು, ಹೆಚ್ಚುವರಿ ವಿದ್ಯುತ್ತನ್ನು ತಾನೇ ಕೊಂಡಿತು. ಮುಂದೆ 1,020 ಮೆಗಾವಾಟಿನ ತಾಲಾ ಯೋಜನೆಗೂ ಅದೇ ಪ್ರಮಾಣ. 2019ರಲ್ಲಿ ಉದ್ಘಾಟನೆಯಾದ 720 ಮೆಗಾವಾಟಿನ ಮಾಂಗ್‌ದೆಛು ಯೋಜನೆಯ ಹೊತ್ತಿಗೆ ಪ್ರಮಾಣ ತಿರುಗಿ, ಅನುದಾನ ಶೇ 30, ಸಾಲ ಶೇ 70 ಆಯಿತು. ನದಿಯಿಂದ ಹಣ ಹುಟ್ಟುತ್ತದೆ ಎಂಬುದು ಎರಡೂ ಕಡೆಯವರಿಗೆ ಖಚಿತವಾದಂತೆ ಅನುದಾನದ ಪಾಲು ಕರಗಿತು. ಚುಖಾ ಒಪ್ಪಂದ ಭೂತಾನಿಗೆ ಲಾಭದಾಯಕವಾಗಿಯೇ ಇತ್ತು. ಹೆಚ್ಚು ಬಡ್ಡಿಯ ಈಚಿನ ಸಾಲಗಳ ಹೊರೆಯ ಬಗ್ಗೆ ಅಲ್ಲಿಯ ಜನ ಈಗ ಕೇಳುತ್ತಿರುವ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರ ಸಾಲಿನಲ್ಲಿ ನಾವೂ ಇದ್ದೇವೆ.